ಖಾಲಿ ಆಸನಕ್ಕೆ ಬೆಲೆ ಕಟ್ಟುವ ಬಗೆ: ಜಪಾನಿನ ಲೋಕಲ್ ರೈಲು ಕಲಿಸುವ ವ್ಯಾಪಾರ ಪಾಠ

ಈ ಪಾಠವನ್ನು ಒಂದು ಸಣ್ಣ ಲೆಕ್ಕದಿಂದ ಆರಂಭಿಸುವುದು ಸೂಕ್ತ. ಟೋಕಿಯೊದಲ್ಲಿ ವಾಸಿಸುವ ಮಧ್ಯಮ ವರ್ಗದ ಪತಿ ಪತ್ನಿ ಇಬ್ಬರು ಬೇಸಿಗೆ ರಜೆಯಲ್ಲಿ ಒಸಾಕಾಕ್ಕೆ ಹೋಗಿ ಬರಲು ಬಯಸಿದ್ದಾರೆಂದು ಭಾವಿಸಬಹುದು. ಎರಡು ನಗರಗಳ ನಡುವಣ ರೈಲುದಾರಿ 556 ಕಿಲೋಮೀಟರ್. 2024ರ ಬೇಸಿಗೆಯಲ್ಲಿ ಅವರ ಮುಂದೆ ಮೂರು ಆಯ್ಕೆಗಳಿದ್ದವು. ಮೊದಲನೆಯದು, ಅತಿವೇಗದ ಶಿಂಕಾನ್ಸೆನ್ ಮಾರ್ಗದ ನೊಜೊಮಿ ರೈಲು. ಸಾಮಾನ್ಯ ದಿನಗಳಲ್ಲಿ ಕಾಯ್ದಿರಿಸಿದ ಆಸನಕ್ಕೆ ಒಬ್ಬರಿಗೆ ಒಂದು ದಾರಿಗೆ 14,720 ಯೆನ್. ಇಬ್ಬರು ಹೋಗಿ ಬರಲು 58,880 ಯೆನ್. ಎರಡನೆಯದು, ಹಳೆಯ ಮಾರ್ಗದ ಲೋಕಲ್ ರೈಲುಗಳಲ್ಲಿ ಮಾಮೂಲು ದರದ ಪ್ರಯಾಣ. ಒಂದು ದಾರಿಗೆ 8,910 ಯೆನ್‌ನಂತೆ ಇಬ್ಬರಿಗೆ ಒಟ್ಟು 35,640 ಯೆನ್. ಮೂರನೆಯದು, ಅದೇ ಲೋಕಲ್ ರೈಲುಗಳಲ್ಲಿ ‘ಸೇಶುನ್ 18 ಕಿಪ್ಪು’ ಎಂಬ ರಜಾಕಾಲದ ಟಿಕೆಟಿನ ಪ್ರಯಾಣ. ಐದು ದಿನದ ಬಳಕೆಗೆ ಅದರ ಬೆಲೆ 12,050 ಯೆನ್. ಇಬ್ಬರು ಹೋಗಿ ಬರಲು ನಾಲ್ಕು ದಿನದ ಬಳಕೆ ಸಾಕಾಗುತ್ತಿತ್ತು. ಒಂದು ದಿನದ್ದು ಕೈಯಲ್ಲಿ ಉಳಿಯುತ್ತಿತ್ತು.

ಮೂರನೆಯ ಮೊತ್ತವು ಮೊದಲನೆಯದರ ಸುಮಾರು ಐದನೆಯ ಒಂದು ಪಾಲು. ಈ ಮೂರನ್ನೂ ಮಾರುತ್ತಿದ್ದುದು ಒಂದೇ ರೈಲ್ವೆ ಸಮೂಹ. ಒಂದೇ ಅಂಗಡಿಯಲ್ಲಿ ಒಂದೇ ಊರಿನ ಪ್ರಯಾಣವನ್ನು ಒಬ್ಬರಿಗೆ ಐದು ರೂಪಾಯಿಗೂ ಮತ್ತೊಬ್ಬರಿಗೆ ಒಂದು ರೂಪಾಯಿಗೂ ಮಾರಿದರೆ ಆ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ ಎಂಬುದು ಸಾಮಾನ್ಯ ಗ್ರಹಿಕೆ. ಆದರೆ ಈ ಟಿಕೆಟ್ 1982ರಿಂದ ಮಾರಾಟವಾಗುತ್ತಿದೆ. ಇದು ಹೇಗೆ ಸಾಧ್ಯವಾಯಿತು, 2024ರ ಚಳಿಗಾಲದಲ್ಲಿ ಇದರ ನಿಯಮಗಳು ಬದಲಾದಾಗ ಹಳೆಯ ಗ್ರಾಹಕರು ಏಕೆ ಬೇಸರಗೊಂಡರು ಎಂಬುದನ್ನು ಅರಿಯುವುದು ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಪ್ರಯೋಜನಕಾರಿ.

ಟಿಕೆಟಿನ ಹುಟ್ಟು

ಜಪಾನಿನ ರಾಷ್ಟ್ರೀಯ ರೈಲ್ವೆಯು 1964ರಲ್ಲಿ ಜಗತ್ತಿನ ಮೊದಲ ಅತಿವೇಗದ ರೈಲು ಮಾರ್ಗವನ್ನು ಆರಂಭಿಸಿತು. ಅದು ನಷ್ಟದ ಹಾದಿಗೆ ಇಳಿದದ್ದೂ ಅದೇ ವರ್ಷ ಎಂಬುದು ಗಮನಾರ್ಹ. ಸ್ವಂತ ಕಾರುಗಳು, ಲಾರಿಗಳು, ವಿಮಾನಗಳು ಹೆಚ್ಚಿದಂತೆ ರೈಲಿನ ಗಿರಾಕಿಗಳು ಕಡಿಮೆಯಾದರು. ದರ ಏರಿಸಿದಷ್ಟೂ ಜನ ದೂರ ಸರಿದರು. ಇಂಥ ಕಷ್ಟದ ದಿನಗಳಲ್ಲಿ, 1982ರ ಮಾರ್ಚ್ ತಿಂಗಳಲ್ಲಿ, ರೈಲ್ವೆಯು ಈ ಟಿಕೆಟನ್ನು ಹೊರತಂದಿತು. ಆಗ ಒಟ್ಟು ಐದು ದಿನದ ಪ್ರಯಾಣಕ್ಕೆ ಬೆಲೆ 8,000 ಯೆನ್. ಮರುವರ್ಷ ಅದಕ್ಕೆ ಈಗಿನ ಹೆಸರು ಬಂದಿತು. ‘ಸೇಶುನ್’ ಎಂದರೆ ಯೌವನ; ‘ಕಿಪ್ಪು’ ಎಂದರೆ ಟಿಕೆಟ್. ಹದಿನೆಂಟು ಎಂಬುದು ಹರೆಯದ ಸಂಕೇತವೇ ಹೊರತು ವಯಸ್ಸಿನ ಮಿತಿಯಲ್ಲ. ಎಂಬತ್ತರ ಅಜ್ಜಿಯೂ ಈ ಟಿಕೆಟನ್ನು ಕೊಳ್ಳಬಹುದು.

1987ರ ಏಪ್ರಿಲ್ 1ರಂದು ರಾಷ್ಟ್ರೀಯ ರೈಲ್ವೆಯನ್ನು ಆರು ಪ್ರಯಾಣಿಕ ಕಂಪನಿಗಳಾಗಿಯೂ ಒಂದು ಸರಕು ಸಾಗಣೆ ಕಂಪನಿಯಾಗಿಯೂ ಒಡೆಯಲಾಯಿತು. ಆ ಹೊತ್ತಿಗೆ ಅದರ ದೀರ್ಘಾವಧಿ ಸಾಲ ಸುಮಾರು 37 ಲಕ್ಷ ಕೋಟಿ ಯೆನ್‌ಗೆ ಮುಟ್ಟಿತ್ತು. ಒಡೆದ ಮನೆಯಲ್ಲಿ ಹಳೆಯ ಕಟ್ಟಳೆಗಳು ಉಳಿಯುವುದು ಅಪರೂಪ. ಆದರೂ ಆರು ಕಂಪನಿಗಳು ಈ ಒಂದು ಟಿಕೆಟನ್ನು ಒಟ್ಟಾಗಿ ಮುಂದುವರಿಸಿದವು. ಉತ್ತರದ ಹೊಕ್ಕೈಡೊದಿಂದ ದಕ್ಷಿಣದ ಕ್ಯೂಶುವರೆಗೆ ಆರೂ ಕಂಪನಿಗಳ ಲೋಕಲ್ ಹಾಗೂ ‘ಕೈಸೊಕು’ ಎಂಬ ಹೆಚ್ಚುವರಿ ದರವಿಲ್ಲದ ವೇಗದ ರೈಲುಗಳಲ್ಲಿ ಅದು ಇಂದಿಗೂ ನಡೆಯುತ್ತದೆ. 2019ರ ವೇಳೆಗೆ ಐದು ದಿನದ ಬೆಲೆ 12,050 ಯೆನ್ ಆಗಿತ್ತು. ಅಂದರೆ ನಾಲ್ಕು ದಶಕಗಳಲ್ಲಿ ಆದ ಏರಿಕೆ ಮೂಲ ಬೆಲೆಯ ಅರ್ಧದಷ್ಟು ಮಾತ್ರ.

ದಾಸ್ತಾನು ಇಡಲಾಗದ ಸರಕು

ಬಟ್ಟೆ ವ್ಯಾಪಾರಿಯ ಅಂಗಡಿಯಲ್ಲಿ ಇಂದು ಮಾರಾಟವಾಗದ ಸೀರೆ ನಾಳೆ ಮಾರಾಟವಾದೀತು. ರೈಲಿನ ಖಾಲಿ ಆಸನಕ್ಕೆ ಆ ಭಾಗ್ಯವಿಲ್ಲ. ರೈಲು ನಿಲ್ದಾಣ ಬಿಟ್ಟ ಕ್ಷಣದಲ್ಲಿಯೇ ಆ ಸರಕು ನಾಶವಾಗುತ್ತದೆ. ಹೋಟೆಲಿನ ಕೊಠಡಿ, ಚಿತ್ರಮಂದಿರದ ಕುರ್ಚಿ, ಸರಕು ಇಳಿಸಿ ಬರಿದೆ ಮರಳುವ ಲಾರಿ, ಕೆಲಸವಿಲ್ಲದೆ ನಿಂತ ಯಂತ್ರದ ಗಂಟೆ ಇವೆಲ್ಲ ಇದೇ ಜಾತಿಯ ಸರಕುಗಳು.

ಲೋಕಲ್ ರೈಲು ಮುಖ್ಯವಾಗಿ ನೌಕರರಿಗಾಗಿ ಮತ್ತು ಶಾಲಾ ಮಕ್ಕಳಿಗಾಗಿ ಓಡುತ್ತದೆ. ಶಾಲೆಗೆ ರಜೆ ಬಂದಾಗ ಹಲವು ಮಾರ್ಗಗಳಲ್ಲಿ ಬೋಗಿಗಳು ಬರಿದಾಗುತ್ತವೆ. ಆದರೆ ವೇಳಾಪಟ್ಟಿಯಂತೆ ರೈಲು ಓಡಲೇಬೇಕು. ಚಾಲಕನ ಸಂಬಳ, ವಿದ್ಯುತ್ತು, ಹಳಿಯ ದುರಸ್ತಿ ಯಾವುದೂ ನಿಲ್ಲುವುದಿಲ್ಲ. ಇವು ಸ್ಥಿರ ವೆಚ್ಚಗಳು. ಹೇಗೂ ಓಡುವ ರೈಲಿಗೆ ಇನ್ನಿಬ್ಬರು ಹತ್ತಿದರೆ ಆಗುವ ಹೆಚ್ಚುವರಿ ವೆಚ್ಚ ಶೂನ್ಯಕ್ಕೆ ಸಮೀಪ. ಆದುದರಿಂದ ಅವರು ಕೊಟ್ಟ ಹಣದ ಬಹುಪಾಲು ಕಂಪನಿಗೆ ನೇರ ಉಳಿತಾಯ. ಈ ಟಿಕೆಟ್ ವರ್ಷದಲ್ಲಿ ಮೂರು ಅವಧಿಗಳಲ್ಲಿ ಮಾತ್ರ ಚಾಲ್ತಿಯಲ್ಲಿರುವುದಕ್ಕೆ ಇದೇ ಕಾರಣ. ವಸಂತದಲ್ಲಿ ಮಾರ್ಚ್ 1ರಿಂದ ಏಪ್ರಿಲ್ 10, ಬೇಸಿಗೆಯಲ್ಲಿ ಜುಲೈ 20ರಿಂದ ಸೆಪ್ಟೆಂಬರ್ 10, ಚಳಿಗಾಲದಲ್ಲಿ ಡಿಸೆಂಬರ್ 10ರಿಂದ ಜನವರಿ 10 ಎಂಬುದು ಬಹುಕಾಲ ನಡೆದುಬಂದ ಕ್ರಮ. ಮೂರೂ ಅವಧಿಗಳು ಶಾಲಾ ರಜೆಗಳ ಸುತ್ತಲೇ ಇವೆ. ಬೋಗಿ ಬರಿದಾಗುವ ಕಾಲವೂ ವಿದ್ಯಾರ್ಥಿಗಳಿಗೆ ಬಿಡುವು ಸಿಗುವ ಕಾಲವೂ ಒಂದೇ ಆಗಿರುವುದನ್ನು ಈ ಯೋಜನೆ ಸರಿಯಾಗಿ ಬಳಸಿಕೊಂಡಿದೆ.

ಬೇಲಿ ಇಲ್ಲದ ರಿಯಾಯಿತಿ ಬೆಳೆಯನ್ನೇ ಮೇಯುತ್ತದೆ

ಕಡಿಮೆ ಬೆಲೆಗೆ ಮಾರುವುದು ಕಷ್ಟದ ಕೆಲಸವಲ್ಲ. ಪೂರ್ತಿ ಬೆಲೆ ಕೊಡಲು ಸಿದ್ಧನಿರುವ ಗಿರಾಕಿಯೂ ಕಡಿಮೆ ಬೆಲೆಯ ಸಾಲಿಗೆ ಬಂದು ನಿಲ್ಲದಂತೆ ನೋಡಿಕೊಳ್ಳುವುದು ಕಷ್ಟ. ಇದಕ್ಕಾಗಿ ಈ ಟಿಕೆಟಿಗೆ ಕೆಲವು ಬೇಲಿಗಳನ್ನು ಹಾಕಲಾಗಿದೆ.

ಮೊದಲನೆಯ ಬೇಲಿ ಕಾಲದ್ದು. ಅದನ್ನು ಮೇಲೆ ವಿವರಿಸಲಾಗಿದೆ. ಎರಡನೆಯದು ವೇಗದ್ದು. ಶಿಂಕಾನ್ಸೆನ್ ಮತ್ತು ಹೆಚ್ಚುವರಿ ದರದ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಈ ಟಿಕೆಟ್ ನಡೆಯದು. ಲೋಕಲ್ ರೈಲೇ ಇಲ್ಲದ ಒಂದೆರಡು ತುಂಡು ಮಾರ್ಗಗಳಿಗೆ ಮಾತ್ರ ವಿನಾಯಿತಿಯಿದೆ. ಮೂರನೆಯದು, ಮಕ್ಕಳಿಗೆ ಅರ್ಧ ದರವಿಲ್ಲ. ನಾಲ್ಕನೆಯದು, ಬಳಕೆ ಆರಂಭಿಸಿದ ಮೇಲೆ ಹಣ ವಾಪಸಿಲ್ಲ. ರೈಲು ತಡವಾಗಿ ಸಂಪರ್ಕ ತಪ್ಪಿದರೂ ಶಿಂಕಾನ್ಸೆನ್ ಹತ್ತುವ ಅವಕಾಶವಿಲ್ಲ.

ಇವುಗಳಲ್ಲಿ ವೇಗದ ಬೇಲಿಯೇ ಬಲವಾದದ್ದು. ಆರಂಭದ ದಂಪತಿಯ ಲೆಕ್ಕವನ್ನು ಮುಂದುವರಿಸಿದರೆ ಇದು ಸ್ಪಷ್ಟವಾಗುತ್ತದೆ. ನೊಜೊಮಿ ರೈಲು ಒಸಾಕಾ ಸೇರಲು ಸುಮಾರು ಎರಡೂವರೆ ಗಂಟೆ ಸಾಕು. ಲೋಕಲ್ ರೈಲುಗಳನ್ನು ಬದಲಿಸುತ್ತಾ ಹೋದರೆ ಸುಮಾರು ಒಂಬತ್ತು ಗಂಟೆ ಬೇಕು. ಒಂದು ದಾರಿಗೆ ಒಬ್ಬರಿಗೆ ಆರೂವರೆ ಗಂಟೆ ಹೆಚ್ಚು. ಇಬ್ಬರಿಗೆ ಎರಡೂ ದಾರಿಗೆ ಸೇರಿ 26 ಗಂಟೆ ಹೆಚ್ಚು. ಉಳಿತಾಯವಾಗುವ ಹಣ 46,830 ಯೆನ್. ಅಂದರೆ ಒಂದು ಗಂಟೆಯನ್ನು ತ್ಯಾಗ ಮಾಡಿದ್ದಕ್ಕೆ ಸಿಗುವ ಪ್ರತಿಫಲ ಸುಮಾರು 1,800 ಯೆನ್. 2024ರ ಅಕ್ಟೋಬರಿನಲ್ಲಿ ಟೋಕಿಯೊದ ಕನಿಷ್ಠ ಕೂಲಿ ಗಂಟೆಗೆ 1,163 ಯೆನ್ ಎಂದು ನಿಗದಿಯಾಗಿತ್ತು. ವ್ಯವಹಾರದ ಮೇಲೆ ಹೋಗುವವನ ಒಂದು ಗಂಟೆಯ ಬೆಲೆ 1,800 ಯೆನ್‌ಗಿಂತ ಎಷ್ಟೋ ಹೆಚ್ಚು. ಅವನಿಗೆ ಲೋಕಲ್ ರೈಲು ಅಗ್ಗವಲ್ಲ, ದುಬಾರಿ. ವಿದ್ಯಾರ್ಥಿಗೆ, ನಿವೃತ್ತರಿಗೆ, ಎಳೆಯ ದಂಪತಿಗೆ ಅದು ಲಾಭ. ಯಾರ ಗುರುತಿನ ಚೀಟಿಯನ್ನೂ ನೋಡದೆ, ಯಾರ ವರಮಾನವನ್ನೂ ವಿಚಾರಿಸದೆ ಗಿರಾಕಿಗಳು ತಾವಾಗಿಯೇ ಎರಡು ಸಾಲುಗಳಲ್ಲಿ ನಿಲ್ಲುತ್ತಾರೆ. ರಿಯಾಯಿತಿಯ ಯೋಜನೆಯೊಂದು ಯಶಸ್ವಿಯಾಗುವುದು ಇಂಥ ಬೇಲಿಯಿಂದ.

ಒಂಬತ್ತು ಗಂಟೆಯ ದಾರಿ

ಈ ಒಂಬತ್ತು ಗಂಟೆಗಳಲ್ಲಿ ದಂಪತಿ ಏನನ್ನು ಪಡೆಯುತ್ತಾರೆ ಎಂಬುದನ್ನೂ ನೋಡಬೇಕು. ಬೆಳಿಗ್ಗೆ ಟೋಕಿಯೊದಿಂದ ಹೊರಟ ರೈಲು ಸಮುದ್ರದ ಅಂಚಿನಲ್ಲಿರುವ ಬಿಸಿನೀರಿನ ಬುಗ್ಗೆಗಳ ಊರು ಅತಾಮಿಯನ್ನು ತಲುಪುತ್ತದೆ. ಅಲ್ಲಿ ಬೇರೆ ಕಂಪನಿಯ ಗಡಿ ಆರಂಭ, ರೈಲು ಬದಲಿಸಬೇಕು. ಅತಾಮಿಯಿಂದ ತೊಯೊಹಾಶಿಯವರೆಗಿನ ಸುಮಾರು 190 ಕಿಲೋಮೀಟರ್ ದಾರಿ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಗೋಡೆಗೆ ಬೆನ್ನು ಮಾಡಿ ಕೂರುವ ಉದ್ದನೆಯ ಬೆಂಚುಗಳು. ಪ್ರತಿ ನಿಲ್ದಾಣದಲ್ಲೂ ನಿಲುಗಡೆ. ಹವೆ ತಿಳಿಯಾಗಿದ್ದರೆ ಫುಜಿ ಪರ್ವತ ಕಾಣುತ್ತದೆ. ಶಿಜುವೊಕಾ ಪ್ರಾಂತ್ಯದ ಚಹಾ ತೋಟಗಳೂ ಯೈಜು ಮೀನು ಬಂದರಿನ ಊರೂ ದಾರಿಯಲ್ಲಿ ಬರುತ್ತವೆ.

ಉದ್ದಿಮೆದಾರರ ಕಣ್ಣಿಗೆ ಈ ದಾರಿ ಒಂದು ತೆರೆದ ಪುಸ್ತಕ. ಹಮಾಮಾತ್ಸು ಪಟ್ಟಣದಲ್ಲಿ 1887ರಲ್ಲಿ ಯಮಾಹಾ ತೊರಾಕುಸು ಎಂಬ ಕುಶಲಕರ್ಮಿ ಶಾಲೆಯೊಂದರ ಕೆಟ್ಟ ಆರ್ಗನ್ ವಾದ್ಯವನ್ನು ದುರಸ್ತಿ ಮಾಡಿದ್ದು ಯಮಾಹಾ ಸಂಸ್ಥೆಯ ಮೂಲ. ಸುಜುಕಿ ಸಂಸ್ಥೆ 1909ರಲ್ಲಿ ಇಲ್ಲಿಯೇ ಮಗ್ಗ ತಯಾರಿಸುವ ಕಾರ್ಯಾಗಾರವಾಗಿ ಆರಂಭವಾಯಿತು. ಹೊಂಡಾ ಸೊಯಿಚಿರೊ ಯುದ್ಧಾನಂತರ 1946ರಲ್ಲಿ ತಮ್ಮ ಪುಟ್ಟ ಸಂಶೋಧನಾ ಘಟಕವನ್ನು ತೆರೆದದ್ದೂ ಇದೇ ಊರಿನಲ್ಲಿ. ಇನ್ನೂ ಮುಂದೆ ಬರುವ ಕರಿಯಾ ಪಟ್ಟಣದಲ್ಲಿ 1926ರಲ್ಲಿ ತೊಯೊಡಾ ಸ್ವಯಂಚಾಲಿತ ಮಗ್ಗಗಳ ಕಾರ್ಖಾನೆ ಸ್ಥಾಪನೆಯಾಯಿತು. 1933ರಲ್ಲಿ ಅದರೊಳಗೇ ತೆರೆದ ಮೋಟಾರು ವಿಭಾಗದಿಂದ ಇಂದಿನ ಟೊಯೊಟಾ ಬೆಳೆಯಿತು. ನಮ್ಮ ನಾಡಿನ ಬಿಡದಿಯಲ್ಲಿ ಕಾರು ತಯಾರಿಸುವ ಸಂಸ್ಥೆಯ ಬೇರು ಹೀಗೆ ಒಂದು ಮಗ್ಗದ ಕಾರ್ಖಾನೆಯಲ್ಲಿದೆ.

ತೊಯೊಹಾಶಿಯಿಂದ ವೇಗದ ರೈಲು ಸಿಗುತ್ತದೆ. ಓಗಾಕಿ ನಿಲ್ದಾಣದಲ್ಲಿ ಮತ್ತೆ ಬದಲಾವಣೆ. ಅಲ್ಲಿಂದ ಮೈಬಾರಾಕ್ಕೆ ಹೋಗುವ ರೈಲಿನಲ್ಲಿ ರಜಾಕಾಲದಲ್ಲಿ ಸ್ಥಳ ಸಿಗುವುದು ಕಷ್ಟ. ಆಸನಕ್ಕಾಗಿ ಪ್ರಯಾಣಿಕರು ಮೆಟ್ಟಿಲು ಹತ್ತಿ ಇಳಿದು ಓಡುವ ದೃಶ್ಯಕ್ಕೆ ‘ಓಗಾಕಿ ಓಟ’ ಎಂಬ ಹೆಸರೇ ಬಿದ್ದಿದೆ. ಮೈಬಾರಾದಿಂದ ಗಂಟೆಗೆ 130 ಕಿಲೋಮೀಟರ್ ವೇಗದವರೆಗೆ ಓಡುವ ‘ಶಿನ್‌ಕೈಸೊಕು’ ರೈಲು ಕ್ಯೋಟೋ ಮೂಲಕ ಸಂಜೆ ಒಸಾಕಾ ಮುಟ್ಟಿಸುತ್ತದೆ. ಇದಕ್ಕೂ ಹೆಚ್ಚುವರಿ ದರವಿಲ್ಲ.

ದಾರಿಯುದ್ದಕ್ಕೂ ದಂಪತಿ ಸಣ್ಣ ಸಣ್ಣ ಮೊತ್ತಗಳನ್ನು ಖರ್ಚು ಮಾಡುತ್ತಾರೆ. ರೈಲು ಬದಲಿಸುವ ಊರಿನಲ್ಲಿ ಅನ್ನದ ಉಂಡೆ, ಚಹಾ, ಊರಿನ ತಿಂಡಿ. ನಡುವೆ ಇಳಿದು ಊರು ನೋಡಲು ಹೋದರೆ ಚೀಲ ಇಡುವ ನಾಣ್ಯದ ಪೆಟ್ಟಿಗೆಗೆ ಬಾಡಿಗೆ. ರಾತ್ರಿಗೆ ನಿಲ್ದಾಣದ ಪಕ್ಕದ ಬಿಸಿನೆಸ್ ಹೋಟೆಲಿನ ಕಿರಿದಾದ ಕೊಠಡಿ. ಟಿಕೆಟಿನಲ್ಲಿ ಉಳಿಸಿದ ಹಣದ ಒಂದು ಭಾಗ ಹೀಗೆ ನಾಲ್ಕಾರು ಊರುಗಳ ಅಂಗಡಿಗಳಿಗೆ ಸೇರುತ್ತದೆ. ಅತಿವೇಗದ ರೈಲಿನ ಪ್ರಯಾಣಿಕನಿಂದ ಈ ಊರುಗಳಿಗೆ ಬಿಡಿಗಾಸೂ ಬಾರದು. ಅವನ ಪಾಲಿಗೆ ಅವು ಕಿಟಕಿಯಾಚೆ ಮಿಂಚಿ ಮರೆಯಾಗುವ ಹೆಸರುಗಳು ಮಾತ್ರ.

ನಿಲ್ದಾಣದ ಬುತ್ತಿ: ನಿಲುಗಡೆಯಿಂದ ಹುಟ್ಟಿದ ಉದ್ದಿಮೆ

ಪ್ರಯಾಣಿಕ ನಿಂತಲ್ಲಿ ವ್ಯಾಪಾರ ಹುಟ್ಟುತ್ತದೆ ಎಂಬುದಕ್ಕೆ ‘ಎಕಿಬೆನ್’ ಅಥವಾ ನಿಲ್ದಾಣದ ಬುತ್ತಿಯೇ ಸಾಕ್ಷಿ. 1885ರಲ್ಲಿ ಉತ್ಸುನೊಮಿಯಾ ನಿಲ್ದಾಣದಲ್ಲಿ ಬಿದಿರಿನ ಹೊದಿಕೆಯಲ್ಲಿ ಕಟ್ಟಿ ಮಾರಿದ ಎರಡು ಅನ್ನದ ಉಂಡೆ ಮತ್ತು ಮೂಲಂಗಿ ಉಪ್ಪಿನಕಾಯಿ ಮೊದಲ ಎಕಿಬೆನ್ ಎಂಬ ಪ್ರತೀತಿಯಿದೆ.

ಗುನ್ಮಾ ಪ್ರಾಂತ್ಯದ ಯೊಕೊಕಾವಾ ನಿಲ್ದಾಣದ ಕಥೆ ಹೆಚ್ಚು ಬೋಧಪ್ರದ. ಅದರಾಚೆ ಉಸುಯಿ ಎಂಬ ಕಡಿದಾದ ಘಾಟಿ. ಏರು ಹತ್ತಲು ಪ್ರತಿ ರೈಲಿಗೂ ಹೆಚ್ಚುವರಿ ಎಂಜಿನ್ ಜೋಡಿಸಬೇಕಿತ್ತು. ಅದಕ್ಕಾಗಿ ರೈಲು ಕೆಲ ನಿಮಿಷ ನಿಲ್ಲುತ್ತಿತ್ತು. ಒಗಿನೊಯಾ ಎಂಬ ಬುತ್ತಿ ಅಂಗಡಿಯ ಒಡತಿ ಪ್ರಯಾಣಿಕರನ್ನು ವಿಚಾರಿಸಿದಾಗ, ತಣ್ಣಗಿನ ಮಾಮೂಲು ಬುತ್ತಿ ಸಾಕಾಗಿದೆ, ಮನೆಯ ಊಟದಂತೆ ಬೆಚ್ಚಗಿರುವುದು ಬೇಕು ಎಂಬ ಉತ್ತರ ಬಂದಿತು. 1958ರಲ್ಲಿ ಅವರು ಮಶಿಕೊ ಊರಿನ ಕುಂಬಾರರ ಮಣ್ಣಿನ ಪುಟ್ಟ ಮಡಕೆಯಲ್ಲಿ ಬಿಸಿ ಅನ್ನವನ್ನು ಮಾರತೊಡಗಿದರು. ಮಡಕೆ ಬಿಸಿಯನ್ನು ಉಳಿಸಿತು. ಉಂಡವರು ಮಡಕೆಯನ್ನು ಮನೆಗೂ ಒಯ್ದರು. ಕುಂಬಾರಿಕೆಗೂ ಹೊಸ ಬೇಡಿಕೆ ದೊರೆಯಿತು.

1997ರಲ್ಲಿ ಶಿಂಕಾನ್ಸೆನ್ ಬಂದಾಗ ಘಾಟಿಯ ಹಳೆಯ ಮಾರ್ಗವೇ ಮುಚ್ಚಿಹೋಯಿತು. ಯೊಕೊಕಾವಾ ಇಂದು ಲೋಕಲ್ ರೈಲಿನ ಕೊನೆಯ ನಿಲ್ದಾಣ. ನಿಲುಗಡೆಯನ್ನೇ ನಂಬಿದ್ದ ಅಂಗಡಿ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಗಿನೊಯಾ 1960ರ ದಶಕದಲ್ಲಿಯೇ ಹೆದ್ದಾರಿಯ ಬದಿಯಲ್ಲಿ ಕಾರು ಬಸ್ಸುಗಳ ಪ್ರಯಾಣಿಕರಿಗಾಗಿ ಮಳಿಗೆ ತೆರೆದಿತ್ತು. ಮುಖ್ಯ ಗಿರಾಕಿ ಇರುವಾಗಲೇ ಮುಂದಿನ ಗಿರಾಕಿಯನ್ನು ಹುಡುಕಿದ್ದರಿಂದ ಅದು ಉಳಿಯಿತು.

ಹೊಕ್ಕೈಡೊದ ಮೊರಿ ನಿಲ್ದಾಣದ ‘ಇಕಾಮೆಶಿ’ ಇನ್ನೊಂದು ನಿದರ್ಶನ. 1941ರಲ್ಲಿ ಯುದ್ಧದ ಕಾರಣ ಅಕ್ಕಿಗೆ ಅಭಾವವಿತ್ತು. ಕಡಲಲ್ಲಿ ಇಕಾ ಎಂಬ ಮೃದ್ವಂಗಿ ಹೇರಳವಾಗಿತ್ತು. ಅದರ ಪೊಳ್ಳಿನೊಳಗೆ ಸ್ವಲ್ಪವೇ ಅಕ್ಕಿ ತುಂಬಿ ಬೇಯಿಸಿ ಮಾರಿದರು. ಅಭಾವದ ದಿನಗಳ ಆ ಉಪಾಯ ಇಂದು ಪ್ರಸಿದ್ಧ ತಿನಿಸು. ಮೊರಿ ಸಣ್ಣ ಊರು. ಅಲ್ಲಿನ ಮಾರಾಟವಷ್ಟೇ ಆದರೆ ಉದ್ದಿಮೆ ನಡೆಯದು. ಟೋಕಿಯೊದ ಕೆಯೊ ಡಿಪಾರ್ಟ್‌ಮೆಂಟ್ ಸ್ಟೋರ್ 1966ರಿಂದ ಪ್ರತಿ ಚಳಿಗಾಲ ನಡೆಸುವ ಬುತ್ತಿ ಮೇಳದಂಥ ಕಡೆಗಳಲ್ಲಿ ಅದಕ್ಕೆ ದೊಡ್ಡ ಮಾರುಕಟ್ಟೆ ದೊರೆತಿದೆ. ಊರಿನ ಹೆಸರೇ ಸರಕಿನ ಮುದ್ರೆಯಾದಾಗ ಸರಕು ಊರು ದಾಟಿ ಹೋಗಬಲ್ಲದು.

ಟಿಕೆಟಿಗಿಂತ ತಿಂಡಿ ಮೇಲು: ಚೋಶಿಯ ಅನುಭವ

ಟೋಕಿಯೊದಿಂದ ಪೂರ್ವಕ್ಕೆ ಸುಮಾರು 120 ಕಿಲೋಮೀಟರ್ ದೂರದ ಚೋಶಿ ಎಂಬ ಬಂದರು ಪಟ್ಟಣವು ಸೋಯಾ ರಸದ ತಯಾರಿಕೆಗೆ ಹದಿನೇಳನೆಯ ಶತಮಾನದಿಂದಲೂ ಹೆಸರಾಗಿದೆ. ಈ ರಿಯಾಯಿತಿ ಟಿಕೆಟಿನಲ್ಲಿ ಅಲ್ಲಿಯವರೆಗೆ ಹೋಗಬಹುದು. ಅಲ್ಲಿಂದ ಮುಂದೆ ಕೇವಲ 6.4 ಕಿಲೋಮೀಟರ್ ಉದ್ದದ ಖಾಸಗಿ ಚೋಶಿ ವಿದ್ಯುತ್ ರೈಲ್ವೆಯಿದೆ. ಅದಕ್ಕೆ ಬೇರೆ ಟಿಕೆಟ್ ಬೇಕು.

ಪ್ರಯಾಣಿಕರು ಕಡಿಮೆಯಾಗಿ ಸೊರಗಿದ್ದ ಈ ಕಂಪನಿ 1995ರಲ್ಲಿ ಸೋಯಾ ರಸದಲ್ಲಿ ನೆನೆಸಿದ ಮೆತ್ತನೆಯ ಅಕ್ಕಿ ಹಪ್ಪಳವನ್ನು ‘ನುರೆ ಸೆಂಬೆ’ ಎಂಬ ಹೆಸರಿನಲ್ಲಿ ತಯಾರಿಸಿ ಮಾರತೊಡಗಿತು. 2006ರಲ್ಲಿ ರೈಲುಗಳ ಕಡ್ಡಾಯ ತಪಾಸಣೆಗೂ ಹಣವಿಲ್ಲದ ಸ್ಥಿತಿ ಬಂದಾಗ ನೌಕರರು ಅಂತರ್ಜಾಲ ತಾಣದಲ್ಲಿ ಸಾರ್ವಜನಿಕರಿಗೆ ಮನವಿ ಮಾಡಿದರು: ರೈಲು ದುರಸ್ತಿಗೆ ಹಣ ಬೇಕಾಗಿದೆ, ದಯವಿಟ್ಟು ಹಪ್ಪಳ ಕೊಳ್ಳಿ ಎಂಬುದು ಅದರ ಸಾರಾಂಶ. ದೇಶದ ಎಲ್ಲೆಡೆಯಿಂದ ಬೇಡಿಕೆಗಳು ಹರಿದುಬಂದವು; ರೈಲು ಉಳಿಯಿತು. 2018ರಲ್ಲಿ ತನ್ನ ಹಣಕಾಸಿನ ದುಃಸ್ಥಿತಿಯನ್ನೇ ಹಾಸ್ಯ ಮಾಡಿಕೊಂಡು ‘ಮಜುಯಿ ಬೋ’ ಎಂಬ ಕುರುಕಲನ್ನೂ ಹೊರತಂದಿತು. ‘ಮಜುಯಿ’ ಎಂದರೆ ರುಚಿಯಿಲ್ಲದ್ದು ಎಂದೂ ಆಗುತ್ತದೆ, ಪರಿಸ್ಥಿತಿ ಕೆಟ್ಟಿದೆ ಎಂದೂ ಆಗುತ್ತದೆ. ಇಂದು ಆ ಕಂಪನಿಗೆ ಟಿಕೆಟಿನ ಹಣಕ್ಕಿಂತ ತಿಂಡಿಯ ಹಣವೇ ಹೆಚ್ಚು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಕಂಪನಿಯು ದಾನ ಬೇಡಲಿಲ್ಲ, ಸರಕು ಮಾರಿತು. ಮತ್ತು ಆ ಸರಕು ಊರಿನ ಹಳೆಯ ಕಸುಬಿಗೆ ಹೊಂದಿಕೊಂಡಿತ್ತು.

ರಿಯಾಯಿತಿಯ ಮಿತಿ

ಹೀಗೆಂದ ಮಾತ್ರಕ್ಕೆ ರಜಾಕಾಲದ ಟಿಕೆಟ್ ಎಲ್ಲ ರೋಗಕ್ಕೂ ಮದ್ದು ಎಂದು ತಿಳಿಯಬಾರದು. ಊರಿನಲ್ಲಿ ಜನಸಂಖ್ಯೆಯೇ ಕುಗ್ಗಿದರೆ ವರ್ಷಕ್ಕೆ ಮೂರು ಬಾರಿ ಬರುವ ಪ್ರವಾಸಿ ರೈಲನ್ನು ಉಳಿಸಲಾರ. ಹೊಕ್ಕೈಡೊ ಕಂಪನಿ ತನ್ನ ಮಾರ್ಗಗಳ ಸುಮಾರು ಅರ್ಧದಷ್ಟನ್ನು ಒಂಟಿಯಾಗಿ ನಿರ್ವಹಿಸಲು ಅಸಾಧ್ಯವೆಂದು 2016ರಲ್ಲಿ ಪ್ರಕಟಿಸಿತು. ಪಶ್ಚಿಮ ಜಪಾನಿನ ಕಂಪನಿ 2022ರಲ್ಲಿ ತನ್ನ 17 ಮಾರ್ಗಗಳ 30 ತುಂಡುಗಳ ನಷ್ಟದ ಲೆಕ್ಕವನ್ನು ಜನರ ಮುಂದಿಟ್ಟಿತು. ಹೊಕ್ಕೈಡೊದ ಫುರಾನೊ ಮತ್ತು ಶಿಂತೊಕು ನಡುವಣ ಮಾರ್ಗ 2024ರ ಏಪ್ರಿಲಿನಲ್ಲಿ ಮುಚ್ಚಿತು. ಟೋಕಿಯೊ ಮತ್ತು ಓಗಾಕಿ ನಡುವೆ ಓಡುತ್ತಿದ್ದ ‘ಮೂನ್‌ಲೈಟ್ ನಾಗಾರಾ’ ಎಂಬ ರಾತ್ರಿ ರೈಲು ಈ ಟಿಕೆಟಿನ ಪ್ರಯಾಣಿಕರಿಗೆ ಒಂದು ರಾತ್ರಿಯ ಹೋಟೆಲ್ ಖರ್ಚನ್ನು ಉಳಿಸುತ್ತಿತ್ತು. 2021ರಲ್ಲಿ ಅದನ್ನೂ ಶಾಶ್ವತವಾಗಿ ನಿಲ್ಲಿಸಿರುವುದಾಗಿ ಪ್ರಕಟಿಸಲಾಯಿತು. ಹೊಸ ಶಿಂಕಾನ್ಸೆನ್ ತೆರೆದಂತೆ ಪಕ್ಕದ ಹಳೆಯ ಮಾರ್ಗಗಳು ಸ್ಥಳೀಯ ಕಂಪನಿಗಳಿಗೆ ಹಸ್ತಾಂತರವಾಗಿ, ಸಾಮಾನ್ಯವಾಗಿ ಅಲ್ಲಿ ಈ ಟಿಕೆಟ್ ನಡೆಯದಂತಾಗಿದೆ. ಮಿಗುತಾಯ ಸಾಮರ್ಥ್ಯವನ್ನು ಮಾರುವುದು ಉಪವ್ಯಾಪಾರ. ಮುಖ್ಯ ವ್ಯಾಪಾರ ಕುಸಿದರೆ ಉಪವ್ಯಾಪಾರಕ್ಕೆ ಆಧಾರವಿಲ್ಲ.

2024ರ ಬದಲಾವಣೆ: ಅನುಕೂಲ ಯಾರದು?

ಹಳೆಯ ಟಿಕೆಟ್ ಒಂದು ಚೀಟಿ. ಅದರಲ್ಲಿ ಐದು ಚೌಕಗಳು. ಪ್ರತಿ ದಿನದ ಪ್ರಯಾಣಕ್ಕೆ ನಿಲ್ದಾಣದ ಸಿಬ್ಬಂದಿ ಒಂದು ಚೌಕಕ್ಕೆ ಮೊಹರು ಹಾಕುತ್ತಿದ್ದರು. ಐದು ದಿನಗಳು ಒಂದರ ಹಿಂದೊಂದು ಇರಬೇಕಾಗಿರಲಿಲ್ಲ. ಒಬ್ಬರು ಐದು ದಿನ, ಐವರು ಒಂದು ದಿನ, ಇಬ್ಬರು ಎರಡು ದಿನ, ಹೇಗಾದರೂ ಹಂಚಿಕೊಳ್ಳಬಹುದಿತ್ತು. ಉಳಿದ ಚೌಕವನ್ನು ಹಳೆ ಟಿಕೆಟ್ ಕೊಂಡು ಮಾರುವ ಅಂಗಡಿಗೆ ಕೊಟ್ಟು ಹಣ ಮಾಡಿಕೊಳ್ಳುವವರೂ ಇದ್ದರು.

2024ರ ಅಕ್ಟೋಬರಿನಲ್ಲಿ ಕಂಪನಿಗಳು ಹೊಸ ನಿಯಮ ಪ್ರಕಟಿಸಿದವು. ಆ ಚಳಿಗಾಲದಿಂದ ಟಿಕೆಟ್ ಎರಡು ಬಗೆಯಾಯಿತು: ಸತತ ಮೂರು ದಿನಕ್ಕೆ 10,000 ಯೆನ್, ಸತತ ಐದು ದಿನಕ್ಕೆ 12,050 ಯೆನ್. ಒಂದು ಟಿಕೆಟ್ ಒಬ್ಬರಿಗೆ ಮಾತ್ರ, ಹಂಚಿಕೆಗೆ ಅವಕಾಶವಿಲ್ಲ. ಪ್ರತಿಯಾಗಿ ಟಿಕೆಟನ್ನು ಸ್ವಯಂಚಾಲಿತ ದ್ವಾರದಲ್ಲಿ ಬಳಸಬಹುದು. ಮೊಹರಿಗಾಗಿ ಸರದಿಯಲ್ಲಿ ನಿಲ್ಲಬೇಕಿಲ್ಲ.

ಈ ಬದಲಾವಣೆಯನ್ನು ದಂಪತಿಯ ಲೆಕ್ಕದಲ್ಲಿ ಇಟ್ಟು ನೋಡಬೇಕು. ಮೊದಲ ದಿನ ಹೋಗಿ, ನಡುವೆ ಒಂದು ದಿನ ತಂಗಿ, ಮೂರನೆಯ ದಿನ ಮರಳುವುದಾದರೆ ಹಿಂದೆ 12,050 ಯೆನ್ ಸಾಕಿತ್ತು, ಒಂದು ಚೌಕ ಉಳಿಯುತ್ತಿತ್ತು. ಹೊಸ ನಿಯಮದಲ್ಲಿ ಇಬ್ಬರಿಗೂ ಪ್ರತ್ಯೇಕ ಟಿಕೆಟ್ ಬೇಕು. ಒಟ್ಟು 20,000 ಯೆನ್. ನಾಲ್ಕು ರಾತ್ರಿ ತಂಗಿ ಐದನೆಯ ದಿನ ಮರಳುವುದಾದರೆ 24,100 ಯೆನ್, ಅಂದರೆ ಸರಿಯಾಗಿ ಇಮ್ಮಡಿ. ಟಿಕೆಟಿನ ಮೇಲಿನ ಬೆಲೆ ಒಂದು ಯೆನ್ ಕೂಡ ಏರಿಲ್ಲ. ಆದರೂ ದಂಪತಿಯ ಖರ್ಚು ಎರಡರಷ್ಟಾಯಿತು. ಬೆಲೆ ಏರಿಸದೆಯೂ ನಿಯಮದ ಮೂಲಕ ಬೆಲೆ ಏರಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಕಂಪನಿಗಳ ಪಕ್ಷದಲ್ಲಿಯೂ ನ್ಯಾಯವಿದೆ. ಸಿಬ್ಬಂದಿಯಿಲ್ಲದ ನಿಲ್ದಾಣಗಳು ಹೆಚ್ಚುತ್ತಿವೆ. ಮೊಹರು ಹಾಕಲು ಪ್ರತಿ ದ್ವಾರದಲ್ಲೂ ಒಬ್ಬರನ್ನು ನಿಲ್ಲಿಸುವುದು ವೆಚ್ಚದ ಮಾತು. ಒಬ್ಬಂಟಿಯಾಗಿ ಸತತ ಐದು ದಿನ ತಿರುಗುವವನಿಗೆ ಏನೂ ನಷ್ಟವಿಲ್ಲ, ದ್ವಾರದ ಅನುಕೂಲವೇ ಹೆಚ್ಚು. ಮೂರೇ ದಿನ ಬಿಡುವಿರುವವನು 10,000 ಯೆನ್‌ನಲ್ಲಿ ಮುಗಿಸಬಹುದು. ಆದರೆ ವಾರಾಂತ್ಯದಲ್ಲಿ ಮಾತ್ರ ಬಿಡುವಿರುವ ನೌಕರ, ಜೊತೆಯಾಗಿ ಹೋಗುವ ದಂಪತಿ, ಗೆಳೆಯರ ಗುಂಪು ಇವರಿಗೆ ಟಿಕೆಟಿನ ಅರ್ಥವೇ ಬದಲಾಯಿತು. ಹಳೆಯ ಪದ್ಧತಿಯನ್ನು ಮರಳಿ ತರಬೇಕೆಂದು ಸಹಿ ಸಂಗ್ರಹವೂ ನಡೆಯಿತು. ಈ ಗ್ರಾಹಕರು ಕೊಳ್ಳುತ್ತಿದ್ದುದು ಅಗ್ಗದ ಪ್ರಯಾಣವನ್ನಷ್ಟೇ ಅಲ್ಲ. ತಮಗೆ ಬೇಕಾದ ದಿನ, ಬೇಕಾದವರೊಡನೆ ಹೊರಡುವ ಸ್ವಾತಂತ್ರ್ಯವನ್ನು. ಮಾರುವವನು ತಾನು ಮಾರುತ್ತಿರುವುದು ಯಾವುದೆಂದು ತಿಳಿದಿರುವಷ್ಟೇ, ಕೊಳ್ಳುವವನು ಕೊಳ್ಳುತ್ತಿರುವುದು ಯಾವುದೆಂದು ತಿಳಿದಿರುವುದೂ ಅಗತ್ಯ.

ಪಾಠದ ಸಾರ

1. ದಾಸ್ತಾನು ಇಡಲಾಗದ ಸರಕನ್ನು ಮೊದಲು ಗುರುತಿಸಬೇಕು. ಯಂತ್ರದ ಬಿಡುವಿನ ಗಂಟೆ, ಮರಳುವ ಲಾರಿ, ಆಷಾಢದಲ್ಲಿ ಬರಿದಾದ ಕಲ್ಯಾಣ ಮಂಟಪ, ಮಧ್ಯಾಹ್ನದ ಹೊತ್ತಿನ ಖಾಲಿ ಮೇಜು ಇವು ಲೆಕ್ಕದ ಪುಸ್ತಕದಲ್ಲಿ ಕಾಣದ ನಷ್ಟಗಳು.

2. ಬಿಡುವಿನ ಸಾಮರ್ಥ್ಯಕ್ಕೆ ಬೆಲೆ ಕಟ್ಟುವಾಗ ಒಟ್ಟು ವೆಚ್ಚವನ್ನಲ್ಲ, ಇನ್ನೊಬ್ಬ ಗಿರಾಕಿ ಬಂದರೆ ತಗಲುವ ಹೆಚ್ಚುವರಿ ವೆಚ್ಚವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು. ಆದರೆ ಮುಖ್ಯ ವ್ಯಾಪಾರದ ಬೆಲೆಯನ್ನು ಹೀಗೆ ಕಟ್ಟಿದರೆ ಸ್ಥಿರ ವೆಚ್ಚ ಎಂದಿಗೂ ಹುಟ್ಟುವುದಿಲ್ಲ.

3. ರಿಯಾಯಿತಿಗೆ ಬೇಲಿ ಇರಲೇಬೇಕು. ಆಷಾಢದ ರಿಯಾಯಿತಿ ಮಾರಾಟದಲ್ಲಿ ಬಂದವನು ಹೊಸ ಗಿರಾಕಿಯೋ, ಜ್ಯೇಷ್ಠದಲ್ಲಿ ಪೂರ್ತಿ ಬೆಲೆಗೆ ಕೊಳ್ಳಬೇಕಾಗಿದ್ದವನು ಒಂದು ತಿಂಗಳು ಕಾದು ಬಂದವನೋ ಎಂಬುದನ್ನು ವ್ಯಾಪಾರಿ ವಿಚಾರಿಸಬೇಕು. ಎರಡನೆಯವನೇ ಹೆಚ್ಚಾದರೆ ಅದು ಮಾರಾಟವಲ್ಲ, ಮುಂದೂಡಿಕೆ.

4. ಒಳ್ಳೆಯ ಬೇಲಿ ಗಿರಾಕಿಯನ್ನು ಅವಮಾನಿಸುವುದಿಲ್ಲ. ವೇಳೆ, ವೇಗ, ಕಾಯುವಿಕೆ ಇವುಗಳ ಮೂಲಕ ಗಿರಾಕಿಯೇ ತನ್ನ ಸಾಲನ್ನು ಆರಿಸಿಕೊಳ್ಳುವಂತಿರಬೇಕು.

5. ಗಿರಾಕಿ ನಿಲ್ಲುವ ಸ್ಥಳವನ್ನು ನಂಬಿದ ಉದ್ದಿಮೆ, ಆ ನಿಲುಗಡೆ ತಪ್ಪುವ ದಿನಕ್ಕೆ ಮುಂಚಿತವಾಗಿಯೇ ಸಿದ್ಧವಾಗಬೇಕು. ಒಗಿನೊಯಾ ಮಾಡಿದ್ದು ಇದನ್ನೇ.

6. ನಿಯಮ ಬದಲಿಸುವ ಮುನ್ನ ಹಳೆಯ ಗಿರಾಕಿಯ ಲೆಕ್ಕವನ್ನು ಅವನ ಕಡೆಯಿಂದ ಹಾಕಿ ನೋಡಬೇಕು. ಮಾಲೀಕನ ಪುಸ್ತಕದಲ್ಲಿ ‘ಸರಳೀಕರಣ’ ಎಂದು ಬರೆದದ್ದು ಗಿರಾಕಿಯ ಚೀಲದಲ್ಲಿ ‘ಇಮ್ಮಡಿ ಖರ್ಚು’ ಎಂದು ಮೂಡಬಹುದು.

ಅಭ್ಯಾಸಕ್ಕಾಗಿ ಪ್ರತಿಯೊಬ್ಬ ಉದ್ದಿಮೆದಾರರೂ ಒಂದು ವಾರದ ಮಟ್ಟಿಗೆ ಒಂದು ಕಾಗದವನ್ನು ಗೋಡೆಗೆ ಅಂಟಿಸಿ, ತಮ್ಮ ಯಂತ್ರ, ವಾಹನ ಅಥವಾ ಸ್ಥಳ ಯಾವ ಹೊತ್ತಿನಲ್ಲಿ ಬರಿದೆ ಇತ್ತು ಎಂಬುದನ್ನು ಗುರುತು ಹಾಕಿಸುವುದು ಒಳಿತು. ವಾರದ ಕೊನೆಗೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು: ಆ ಹೊತ್ತಿನಲ್ಲಿ ಬಿಡುವಿರುವ ಗಿರಾಕಿ ಯಾರು? ಅವನಿಗೆ ಮಾರಿದರೆ ಹೆಚ್ಚುವರಿ ವೆಚ್ಚ ಎಷ್ಟು? ಈಗಿನ ಗಿರಾಕಿ ಆ ಬೆಲೆಗೆ ಜಾರದಂತೆ ತಡೆಯುವ ಬೇಲಿ ಯಾವುದು? ಮೂರಕ್ಕೂ ಉತ್ತರ ದೊರೆತರೆ ರಿಯಾಯಿತಿಯನ್ನು ಪ್ರಕಟಿಸಬಹುದು. ಮೂರನೆಯದಕ್ಕೆ ಉತ್ತರ ದೊರೆಯದಿದ್ದರೆ ಆ ಆಸನ ಖಾಲಿಯಾಗಿಯೇ ಇರುವುದು ಲೇಸು.